ಮೂರನೇ ಎರಡು ಭಾಗ: ಪ್ರಶ್ನೆಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಕಲಿತದ್ದು

ಶಾಲಾ ಮಕ್ಕಳ ಕಲಿಕೆಯನ್ನು ಅಳೆಯುವ ಪರೀಕ್ಷೆಗಳನ್ನು ತಯಾರಿಸುವ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಇಂಗ್ಲಿಷಿನಲ್ಲಿ ಸಿದ್ಧವಾಗಿ ಬಂದ ಗಣಿತ, ವಿಜ್ಞಾನದ ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದು ಮತ್ತು ಇತರರು ತಂದದ್ದನ್ನು ಪರಿಶೀಲಿಸುವುದು ನನ್ನ ಹೊಣೆಯಾಗಿತ್ತು. ಅದಕ್ಕೂ ಮೊದಲು ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡಿದ್ದೆನಾದ್ದರಿಂದ, ಪ್ರಶ್ನೆಪತ್ರಿಕೆ ಎಂದರೆ ಏನೆಂದು ನನಗೆ ಗೊತ್ತಿದೆ ಎಂಬ ಧೈರ್ಯದಲ್ಲೇ ಸೇರಿದ್ದೆ. ಆ ಧೈರ್ಯ ಅಲುಗಾಡಿದ್ದು ಐದನೇ ತರಗತಿಯ ಒಂದು ಭಿನ್ನರಾಶಿಯ ಪ್ರಶ್ನೆಯಿಂದ.

ಪ್ರಶ್ನೆ ಬಹಳ ಸರಳವಾದದ್ದು. ಒಂದು ತೊಟ್ಟಿಯ ಎಷ್ಟು ಭಾಗದಲ್ಲಿ ನೀರಿದೆ ಎಂಬುದನ್ನು ಮಾತಿನಲ್ಲಿ ಹೇಳಿ, ಅದನ್ನು ಸೂಚಿಸುವ ಭಿನ್ನರಾಶಿಯನ್ನು ನಾಲ್ಕು ಆಯ್ಕೆಗಳಲ್ಲಿ ಗುರುತಿಸಲು ಕೇಳಲಾಗಿತ್ತು. ಮೂಲದಲ್ಲಿದ್ದ ‘ಟೂ ಥರ್ಡ್ಸ್’ ಎಂಬುದನ್ನು ನಾನು ‘ಮೂರನೇ ಎರಡು ಭಾಗ’ ಎಂದು ಬರೆದೆ. ‘ಮೂರನೇ ಎರಡರಷ್ಟು ಬಹುಮತ’ ಎಂದು ಪತ್ರಿಕೆಗಳಲ್ಲಿ ಓದಿಕೊಂಡೇ ಬೆಳೆದವಳಿಗೆ ಅದರಲ್ಲಿ ಎಡವಟ್ಟು ಕಾಣುವುದಾದರೂ ಹೇಗೆ? ಅದು ಇವತ್ತಿಗೂ ತಪ್ಪು ಕನ್ನಡವಲ್ಲ.

ಮುಖ್ಯ ಪರೀಕ್ಷೆಗೆ ಮೊದಲು ಪ್ರತಿಯೊಂದು ಪ್ರಶ್ನೆಯನ್ನೂ ಕೆಲವು ಶಾಲೆಗಳಲ್ಲಿ ಪ್ರಯೋಗಕ್ಕೆ ಒಡ್ಡುತ್ತಿದ್ದೆವು. ಕಚೇರಿಯ ಭಾಷೆಯಲ್ಲಿ ಅದಕ್ಕೆ ಪೈಲಟ್ ಎಂದು ಹೆಸರು. ಅದರ ಫಲಿತಾಂಶ ಬಂದ ಮೇಲೆ ಎರಡು ಸಂಗತಿಗಳನ್ನು ನೋಡುತ್ತಾರೆ. ಮೊದಲನೆಯದು, ಎಷ್ಟು ಮಕ್ಕಳು ಸರಿ ಉತ್ತರ ಕೊಟ್ಟರು ಎಂಬುದು. ಎರಡನೆಯದು ಇನ್ನೂ ಮುಖ್ಯವಾದದ್ದು: ಒಟ್ಟು ಅಂಕಗಳ ಆಧಾರದ ಮೇಲೆ ಮೇಲಿನ ಶೇ. 27 ಮಕ್ಕಳನ್ನೂ ಕೆಳಗಿನ ಶೇ. 27 ಮಕ್ಕಳನ್ನೂ ಬೇರ್ಪಡಿಸಿ, ಈ ಒಂದು ಪ್ರಶ್ನೆಯಲ್ಲಿ ಎರಡು ಗುಂಪುಗಳ ನಡುವೆ ಎಷ್ಟು ಅಂತರವಿದೆ ಎಂದು ಲೆಕ್ಕ ಹಾಕುವುದು. ಈ 27ರ ಲೆಕ್ಕವನ್ನು ಅಮೆರಿಕದ ಕೆಲ್ಲಿ ಎಂಬ ಸಂಖ್ಯಾಶಾಸ್ತ್ರಜ್ಞರು 1939ರಲ್ಲಿ ಮಂಡಿಸಿದ್ದರು. ಒಟ್ಟಾರೆ ಚೆನ್ನಾಗಿ ಮಾಡಿದ ಮಕ್ಕಳು ಈ ಪ್ರಶ್ನೆಯಲ್ಲೂ ಮುಂದಿರಬೇಕು. ಅಂತರ ಸೊನ್ನೆಯ ಹತ್ತಿರಕ್ಕೆ ಬಂದರೆ, ಅಥವಾ ತಿರುವುಮುರುವಾದರೆ, ಎಲ್ಲರೂ ಮೊದಲು ಅನುಮಾನಿಸುವುದು ಕೀ ಉತ್ತರವನ್ನು.

ನನ್ನ ತೊಟ್ಟಿಯ ಪ್ರಶ್ನೆ ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ನೇರವಾಗಿ ನಡೆದಿತ್ತು. ಕನ್ನಡ ಮಾಧ್ಯಮದಲ್ಲಿ ಮಾತ್ರ ಅಂತರವೇ ಉಳಿದಿರಲಿಲ್ಲ. ಜಾಣ ಮಕ್ಕಳೇ ಸಾಲುಸಾಲಾಗಿ 3/2ನ್ನು ಗುರುತಿಸಿದ್ದರು. ಕೀ ಉತ್ತರ ನೋಡಿದೆ, ಸರಿಯಾಗಿಯೇ ಇತ್ತು. ಅಚ್ಚಾದ ಪ್ರತಿ ತರಿಸಿ ನೋಡಿದೆ, ಅದೂ ಸರಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಭಿನ್ನರಾಶಿ ಬರುವುದಿಲ್ಲ ಎಂದು ವರದಿಯಲ್ಲಿ ಒಂದು ಸಾಲು ಬರೆದು ಮುಗಿಸುವುದು ಸುಲಭವಿತ್ತು, ಮತ್ತು ನಾಚಿಕೆಯಿಂದಲೇ ಹೇಳುತ್ತೇನೆ, ಆ ಸಾಲಿನ ಕರಡನ್ನು ನಾನು ಬರೆದೂ ಇದ್ದೆ. ನಮ್ಮ ತಂಡದ ಹಿರಿಯರು ಅದನ್ನು ಓದಿ, ‘ಮಕ್ಕಳನ್ನು ಕೇಳಿದ್ರಾ ಮೇಡಂ?’ ಎಂದಷ್ಟೇ ಅಂದರು.

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಗೆ ಹೋಗಿ, 3/2 ಎಂದು ಗುರುತಿಸಿದ್ದ ಒಬ್ಬ ಹುಡುಗನ ಮುಂದೆ ಅದೇ ಪ್ರಶ್ನೆಯನ್ನಿಟ್ಟು ಜೋರಾಗಿ ಓದಲು ಹೇಳಿದೆ. ಅವನು ಸ್ಪಷ್ಟವಾಗಿ ಓದಿ, ಹಿಂದುಮುಂದು ನೋಡದೆ ಮತ್ತೆ 3/2ರ ಮೇಲೆ ಬೆರಳಿಟ್ಟ. ಯಾಕೆ ಎಂದು ಕೇಳಿದೆ. ‘ಮೂರು ಮೊದ್ಲು ಬಂತಲ್ಲ ಮಿಸ್, ಅದಕ್ಕೇ ಅದು ಮೇಲೆ’ ಎಂದ. ಆಗ ಆ ಹಾಳೆಯನ್ನು ಪಕ್ಕಕ್ಕಿಟ್ಟು, ತೊಟ್ಟಿಯ ಚಿತ್ರ ಬರೆದು ಮೂರು ಪಾಲು ಮಾಡಿ ಎರಡು ಪಾಲಿಗೆ ನೀರು ತುಂಬಿಸು ಎಂದೆ. ತುಂಬಿಸಿದ. ಇದನ್ನು ಅಂಕಿಯಲ್ಲಿ ಬರಿ ಎಂದಾಗ, ‘ಎರಡು ಬೈ ಮೂರು’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ 2/3 ಎಂದು ಬರೆದ. ಅವನ ತರಗತಿಯಲ್ಲಿ ಭಿನ್ನರಾಶಿ ಎಂದರೆ ‘ಬೈ’. ಕನ್ನಡ ಛೇದವನ್ನು ಮೊದಲು ಹೇಳಿ ಅಂಶವನ್ನು ಆಮೇಲೆ ಹೇಳುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ನನ್ನ ಪ್ರಶ್ನೆ ಮಾತ್ರ ಅದನ್ನು ಅವನಿಂದ ನಿರೀಕ್ಷಿಸಿತ್ತು.

ಕಚೇರಿಯಲ್ಲಿ ಇದರ ಬಗ್ಗೆ ಒಂದು ಮಧ್ಯಾಹ್ನವಿಡೀ ವಾದ ನಡೆಯಿತು. ಗಣಿತದ ಸಹೋದ್ಯೋಗಿಯೊಬ್ಬರು, ತೊಟ್ಟಿಯ ಒಂದು ಭಾಗ ಇಡೀ ತೊಟ್ಟಿಗಿಂತ ದೊಡ್ಡದಾಗುವುದು ಸಾಧ್ಯವೇ ಎಂದು ಯೋಚಿಸದೆ 3/2 ಎಂದವನಿಗೆ ಅಂಕ ಕೊಡುವುದು ಹೇಗೆ ಎಂದು ಕೇಳಿದರು. ಅವರ ಮಾತಿನಲ್ಲಿ ತೂಕವಿತ್ತು. ಆದರೆ ಇಂಗ್ಲಿಷ್ ಮಾಧ್ಯಮದ ಮಗು ಅಷ್ಟು ಯೋಚಿಸದೆಯೂ, ಕಿವಿಗೆ ಬಿದ್ದ ಕ್ರಮದಲ್ಲೇ ಬರೆದು ಅಂಕ ಪಡೆಯುತ್ತದೆ. ಒಂದೇ ಪ್ರಶ್ನೆ ಎರಡು ಭಾಷೆಗಳಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಅಳೆಯುತ್ತಿದ್ದರೆ, ಆ ಅಂಕಗಳನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಡುವ ಹಕ್ಕು ನಮಗಿಲ್ಲ ಎಂಬುದು ನನ್ನ ವಾದವಾಗಿತ್ತು.

ಅಂದಿನಿಂದ ಹಳೆಯ ಕಡತಗಳನ್ನೆಲ್ಲ ತಿರುವಿ ನೋಡತೊಡಗಿದೆ. ತಮಾಷೆಯೆಂದರೆ, ಕನ್ನಡವು ಮಕ್ಕಳಿಗೆ ಉತ್ತರವನ್ನು ಬಿಟ್ಟುಕೊಡುತ್ತಿದ್ದ ಪ್ರಶ್ನೆಗಳೂ ಕಡಿಮೆಯಿರಲಿಲ್ಲ. ‘ಐಸೋಸಲೀಸ್’ ಎಂಬ ಪದ ಇಂಗ್ಲಿಷ್ ಓದುವ ಮಗುವಿಗೆ ಏನನ್ನೂ ಹೇಳದು. ‘ಸಮದ್ವಿಬಾಹು ತ್ರಿಭುಜದಲ್ಲಿ ಎಷ್ಟು ಬಾಹುಗಳು ಸಮ’ ಎಂದು ಕೇಳುವುದು ಉತ್ತರವನ್ನು ಕೈಯಲ್ಲಿಟ್ಟಂತೆ. ಇಂಗ್ಲಿಷಿನಲ್ಲಿ ‘ಯಾರು ಕಂಡುಹಿಡಿದರು’ ಎಂಬುದಕ್ಕೆ ಲಿಂಗವಿಲ್ಲ. ಅನುವಾದಕರು ‘ಕಂಡುಹಿಡಿದವಳು’ ಎಂದು ಬರೆದರೆ ನಾಲ್ಕು ಹೆಸರುಗಳ ನಡುವೆ ಮೇರಿ ಕ್ಯೂರಿ ತಾವಾಗಿಯೇ ಎದ್ದು ನಿಲ್ಲುತ್ತಾರೆ. ವಿರುದ್ಧ ದಿಕ್ಕಿನ ಅನ್ಯಾಯವೂ ಇತ್ತು. ‘ಅಪವರ್ತನ’ ಮತ್ತು ‘ಅಪವರ್ತ್ಯ’ ಎಂಬ ಎರಡು ಪದಗಳು ನಮ್ಮ ಪಠ್ಯಪುಸ್ತಕದಲ್ಲಿ ಒಂದೇ ಅಧ್ಯಾಯದಲ್ಲಿ ಬರುತ್ತವೆ, ಕೊನೆಯಲ್ಲಿ ಮಾತ್ರ ಬೇರೆಯಾಗುತ್ತವೆ. ಇಂಗ್ಲಿಷಿನ ‘ಫ್ಯಾಕ್ಟರ್’, ‘ಮಲ್ಟಿಪಲ್’ ಪದಗಳಿಗೆ ಅಂಥ ಗೊಂದಲವೇ ಇಲ್ಲ. ಇನ್ನು ನಿಷೇಧದ ಪ್ರಶ್ನೆಗಳು. ಇಂಗ್ಲಿಷಿನಲ್ಲಿ ‘ನಾಟ್’ ಪ್ರತ್ಯೇಕ ಪದವಾದ್ದರಿಂದ ಅದನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಬಹುದು. ಕನ್ನಡದಲ್ಲಿ ಅದು ‘ಸಸ್ತನಿಯಲ್ಲದ’ ಎಂಬ ಪದದೊಳಗೆ ಅಡಗಿ ಕೂರುತ್ತದೆ, ಇಲ್ಲವೇ ವಾಕ್ಯದ ತುದಿಗೆ ಹೋಗುತ್ತದೆ. ಅವಸರದಲ್ಲಿ ಓದುವ ಮಗು ಅಲ್ಲಿಗೆ ತಲುಪುವ ಮೊದಲೇ ಉತ್ತರ ಗುರುತಿಸಿರುತ್ತದೆ.

ಇವುಗಳಲ್ಲಿ ಯಾವುದನ್ನೂ ಅನುವಾದಕರ ಅಜ್ಞಾನ ಎಂದು ತಳ್ಳಿಹಾಕಲಾರೆ. ನಮ್ಮಲ್ಲಿ ಕನ್ನಡದ ಕೆಲಸ ಸಾಲಿನ ಕಟ್ಟಕಡೆಯದಾಗಿತ್ತು. ಪ್ರಶ್ನೆ ಬರೆದು, ಚರ್ಚಿಸಿ, ತಿದ್ದಿ, ಚಿತ್ರ ಹಾಕಿ ಎಲ್ಲ ಮುಗಿದ ಮೇಲೆ, ಅಚ್ಚಿಗೆ ಹೋಗಲು ಕೆಲವೇ ದಿನಗಳಿರುವಾಗ ನಮ್ಮ ಮೇಜಿಗೆ ಬರುತ್ತಿತ್ತು. ಹೊರಗಿನ ಅನುವಾದಕರಿಗೆ ಪ್ರಶ್ನೆಯ ಲೆಕ್ಕದಲ್ಲಿ ಹಣ ಕೊಡುತ್ತಿದ್ದರು. ಹಾಗಿರುವಾಗ ಒಂದು ಪ್ರಶ್ನೆಯ ಮುಂದೆ ಅರ್ಧ ಗಂಟೆ ಕೂರುವವರು ನಷ್ಟದಲ್ಲಿರುತ್ತಾರೆ. ಅಂತರರಾಷ್ಟ್ರೀಯ ಮಟ್ಟದ ಪೀಸಾ ಪರೀಕ್ಷೆಯಲ್ಲಿ ಮೂಲವನ್ನು ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಸಿದ್ಧಪಡಿಸುತ್ತಾರೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿದ್ದನ್ನು ಮೂರನೆಯವರೊಬ್ಬರು ಹೋಲಿಸಿ ಒಂದು ಮಾಡುವುದು ಅಲ್ಲಿನ ಕ್ರಮ. ನಾನು ಇದನ್ನು ಸಭೆಯಲ್ಲಿ ಪ್ರಸ್ತಾಪಿಸಿದಾಗ ಖರ್ಚಿನ ಮಾತು ಬಂತು. ಕೊನೆಗೆ ದಕ್ಕಿದ್ದು ಇಷ್ಟು: ಪ್ರಶ್ನೆಗಳ ಮೊದಲ ಚರ್ಚೆಯಲ್ಲೇ ಕನ್ನಡದವರೊಬ್ಬರಿಗೆ ಕುರ್ಚಿ. ಅಷ್ಟರಿಂದಲೇ ಎಷ್ಟೋ ತೊಡಕುಗಳು ಮೂಲದ ಹಂತದಲ್ಲೇ ಬಿಡಿಸಿಕೊಂಡವು.

ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರಿ 384 ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ದೋಷಗಳ ಬಗ್ಗೆ ಗದ್ದಲವೆದ್ದು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದು, ಅದರಲ್ಲೂ ಅದೇ ದೂರು ಬಂದಾಗ ನನಗೆ ಸಿಟ್ಟು ಬಂದಿತೇ ಹೊರತು ಆಶ್ಚರ್ಯವಾಗಲಿಲ್ಲ. ನೀಟ್‌ನಂಥ ಪರೀಕ್ಷೆಗಳಲ್ಲಿ, ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ ಎಂಬ ನಿಯಮವಿದೆ. ಕಾನೂನಿನ ಕಣ್ಣಿಗೆ ಅದು ಸಾಕಾಗಬಹುದು. ಪರೀಕ್ಷಾ ಕೊಠಡಿಯಲ್ಲಿ ಕನ್ನಡವನ್ನು ಮಾತ್ರ ಓದುತ್ತ ಕುಳಿತವರಿಗೆ ಅದರಿಂದ ಏನು ಸಿಕ್ಕಂತಾಯಿತು ಎಂಬುದು ನನಗೆ ತಿಳಿಯದು.

ತೊಟ್ಟಿಯ ಪ್ರಶ್ನೆಯನ್ನು ಮರುವರ್ಷ ಎರಡಾಗಿ ಒಡೆದೆವು. ಚಿತ್ರದೊಡನೆ ಕೇಳಿದ್ದು ಎರಡೂ ಮಾಧ್ಯಮಗಳಲ್ಲಿ ಒಂದೇ ರೀತಿ ನಡೆಯಿತು. ‘ಮೂರನೇ ಎರಡು ಭಾಗ’ವನ್ನು ಕನ್ನಡ ಪತ್ರಿಕೆಯಲ್ಲಿ ಉಳಿಸಿಕೊಂಡೆವಾದರೂ ಅಂಕಕ್ಕೆ ಸೇರಿಸದೆ, ಶಾಲೆಗಳಿಗೆ ಕಳಿಸುವ ವರದಿಯಲ್ಲಿ ಮಕ್ಕಳು ಅದನ್ನು ಹೇಗೆ ಓದುತ್ತಿದ್ದಾರೆ ಎಂಬ ಟಿಪ್ಪಣಿಯಾಗಿ ಕೊಟ್ಟೆವು. ವರದಿ ಹೋದ ವಾರ ಶಿಕ್ಷಕರೊಬ್ಬರು ಕಚೇರಿಗೆ ಫೋನ್ ಮಾಡಿದ್ದರು. ‘ಇಪ್ಪತ್ತು ವರ್ಷದಿಂದ ಬೈ ಬೈ ಅಂತಲೇ ಹೇಳಿಕೊಟ್ಟಿದ್ದೀನಿ ಮೇಡಂ. ನಾಳೆ ಬೋರ್ಡಿನ ಮೇಲೆ ಎರಡೂ ಬರೀತೀನಿ’ ಎಂದರು.