ಮೊಸಳೆ ಅಂದಿದ್ದೇ ತಪ್ಪಾಯಿತು

ಮೊದಲ ವಾರದ ಇಂಗ್ಲಿಷ್ ಕ್ಲಾಸಿನಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಪರಿಚಯ ಹೇಳಬೇಕಿತ್ತು. ನಾನು ಹಿಂದಿನ ಬೆಂಚು. ಮನಸ್ಸಿನಲ್ಲೇ ಇಪ್ಪತ್ತು ಸಲ ಹೇಳಿಕೊಂಡಿದ್ದ ವಾಕ್ಯ ಬಾಯಿಂದ ಬರುವಾಗ ಹೀಗಾಯಿತು: ‘ಮೈ ಫಾದರ್ ಈಸ್ ಎ ಕಲ್ಟಿವೇಟೆಡ್ ಮ್ಯಾನ್.’ ಕಲ್ಟಿವೇಟರ್ ಅನ್ನಬೇಕಿತ್ತು. ಅಪ್ಪ ರೈತ. ನಾನು ಹೇಳಿದ್ದು ‘ನಮ್ಮಪ್ಪ ಸುಸಂಸ್ಕೃತ ಮನುಷ್ಯ’ ಅಂತ. ಕಾನ್ವೆಂಟಿನಿಂದ ಬಂದಿದ್ದ ಮುಂದಿನ ಎರಡು ಬೆಂಚಿನವರು ನಕ್ಕರು. ಅವರು ನಕ್ಕಿದ್ದು ನೋಡಿ ನಮ್ಮ ಬೆಂಚಿನವರೂ ನಕ್ಕರು, ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಮಾತ್ರ ನಗಲಿಲ್ಲ. ‘ಇರಬಹುದಪ್ಪ, ಯಾಕಿರಬಾರದು?’ ಅಂದು ಮುಂದಿನ ಹುಡುಗನ ಕಡೆ ತಿರುಗಿದರು.

ಆ ವರ್ಷ ಅವರು ನಮಗೆ ನಾಟಕ ಪಾಠ ಮಾಡಿದರು. ಸಿಲೆಬಸ್‌ನಲ್ಲಿ ಇದ್ದಿದ್ದು ಶೆರಿಡನ್ ಬರೆದ ‘ದಿ ರೈವಲ್ಸ್’ ಒಂದೇ. ಆದರೆ ಮೇಷ್ಟ್ರು ಸಿಲೆಬಸ್ಸಿಗೆ ಅಂಟಿಕೊಂಡು ಕೂರುವವರಲ್ಲ. ರಾಜ, ರಾಣಿ, ಪ್ರೇಮಿಗಳ ಬಗ್ಗೆ ಗೈಡ್‌ನಲ್ಲಿ ಓದಿಕೊಳ್ಳಿ ಅಂದುಬಿಟ್ಟು, ಇಂಗ್ಲಿಷ್ ನಾಟಕದಲ್ಲಿ ಇಂಗ್ಲಿಷಿನಲ್ಲೇ ಎಡವಿ ಬೀಳುವ ಪಾತ್ರಗಳನ್ನು ಒಂದೊಂದಾಗಿ ಕರೆದುಕೊಂಡು ಬರುತ್ತಿದ್ದರು. ನಮ್ಮಂಥವರಿಗೋಸ್ಕರ ಆರಿಸುತ್ತಿದ್ದರೋ, ಅವರಿಗೇ ಅಂಥವರು ಇಷ್ಟವೋ, ನಾನು ಕೇಳಲಿಲ್ಲ.

ಮೊದಲು ಬಂದವಳು ‘ದಿ ರೈವಲ್ಸ್’ನ ಮಿಸೆಸ್ ಮ್ಯಾಲಪ್ರಾಪ್. ದೊಡ್ಡ ದೊಡ್ಡ ಪದಗಳ ಮೇಲೆ ಆಸೆ, ಅರ್ಥದ ಮೇಲೆ ಅಷ್ಟು ಗಮನ ಇಲ್ಲ. ಒಬ್ಬ ಯುವಕನನ್ನು ಹೊಗಳೋಕೆ ‘ಸೌಜನ್ಯದ ಪಿನಾಕಲ್’, ಅಂದರೆ ಶಿಖರ ಅನ್ನಬೇಕು, ‘ಸೌಜನ್ಯದ ಪೈನಾಪಲ್’ ಅನ್ನುತ್ತಾಳೆ. ಪ್ರೀತಿಸಿದವನನ್ನು ಮನಸ್ಸಿನಿಂದ ಅಳಿಸಿಹಾಕು ಅನ್ನೋಕೆ ‘ಆಬ್ಲಿಟರೇಟ್’ ಬದಲು ‘ಇಲ್ಲಿಟರೇಟ್’. ಮುಂದಿನ ಬೆಂಚು ಕೂಡಲೇ ನಕ್ಕಿತು. ಹಿಂದಿನ ಬೆಂಚಿಗಾಗಿ ಮೇಷ್ಟ್ರು ಒಂದು ನಿಮಿಷ ಯೋಚಿಸಿ, ‘ಸ್ವಾಗತ ಭಾಷಣದಲ್ಲಿ ಒಬ್ಬ ವೇದಿಕೆ ಮೇಲಿರುವ ಎಲ್ಲ ನಗಣ್ಯರೇ ಅಂದ ಹಾಗೆ’ ಅಂದರು. ಆಮೇಲೆ ನಾವು ನಕ್ಕಿದ್ದು ಕಾರಿಡಾರ್‌ವರೆಗೂ ಕೇಳಿಸಿತು.

ನನಗೆ ಇಷ್ಟವಾಗಿದ್ದು ಮೂರನೇ ಅಂಕದ ಒಂದು ದೃಶ್ಯ. ಮ್ಯಾಲಪ್ರಾಪ್ ತನ್ನ ತಂಗಿಯ ಮಗಳು ಲಿಡಿಯಾಗೆ ಬಂದ ಪ್ರೇಮಪತ್ರವನ್ನು ಹಿಡಿದಿದ್ದಾಳೆ. ಅದನ್ನು ಕ್ಯಾಪ್ಟನ್ ಆಬ್ಸಲ್ಯೂಟ್ ಕೈಗೆ ಕೊಟ್ಟು ಓದು ಅನ್ನುತ್ತಾಳೆ. ಬರೆದವನೂ ಅವನೇ, ಬೇರೆ ಹೆಸರಿನಲ್ಲಿ! ಪಾಪ, ತನ್ನ ಕಾಗದವನ್ನು ತಾನೇ ಗಟ್ಟಿಯಾಗಿ ಓದಬೇಕು. ಅದರಲ್ಲಿ ಅವಳನ್ನು ಮುದಿ ಹೆಣ್ಣು ಡ್ರ್ಯಾಗನ್ ಅಂತ ಕರೆದಿದ್ದಾನೆ. ಅವಳಿಗೆ ಸಿಟ್ಟು ಬರುತ್ತದೆ, ಆದರೂ ಮುಂದೆ ಓದು ಅನ್ನುತ್ತಾಳೆ. ಮುಂದಿನ ಸಾಲಿನಲ್ಲಿ, ಅರ್ಥವಾಗದ ಕಷ್ಟದ ಪದಗಳಿಂದ ತನ್ನ ಮಾತನ್ನು ಸಿಂಗರಿಸಿಕೊಳ್ಳುವವಳು ಅಂತ ಇದೆ. ಅಲ್ಲಿಗೆ ಅವಳು ಉರಿದುಬೀಳುತ್ತಾಳೆ. ಮುಖದ ಬಗ್ಗೆ ಏನು ಅಂದರೂ ಒಂದು ಮಟ್ಟಕ್ಕೆ ಸಹಿಸಿಕೊಂಡಾಳು, ಭಾಷೆಯ ಬಗ್ಗೆ ಆಡಿದರೆ ಇಲ್ಲ. ಆ ಸಿಟ್ಟಿನಲ್ಲೂ ಪದ ತಪ್ಪುತ್ತಾಳೆ. ಕ್ಲಾಸೆಲ್ಲ ನಗುತ್ತಿತ್ತು. ನನಗೆ ಮಾತ್ರ ಅವಳ ಸಂಕಟ ಚೆನ್ನಾಗಿ ಅರ್ಥವಾಯಿತು.

ಈ ನಾಟಕ ಮೊದಲ ಸಲ ಆಡಿದ್ದು 1775ರ ಜನವರಿ 17ರಂದು, ಲಂಡನ್ನಿನ ಕೋವೆಂಟ್ ಗಾರ್ಡನ್ ಥಿಯೇಟರಿನಲ್ಲಿ. ಶೆರಿಡನ್‌ಗೆ ಆಗ 23 ವರ್ಷ. ನಾಟಕ ಪೂರ್ತಿ ಬಿದ್ದುಹೋಯಿತು. ತುಂಬಾ ಉದ್ದ, ನಟರು ಸರಿಯಾಗಿ ಕಲಿತಿಲ್ಲ, ಒಬ್ಬ ನಟನ ಮೇಲೆ ಯಾರೋ ಸೇಬು ಎಸೆದರಂತೆ. ಶೆರಿಡನ್ ನಾಟಕವನ್ನು ವಾಪಸ್ ತೆಗೆದುಕೊಂಡು, ಕತ್ತರಿಸಿ, ತಿದ್ದಿ, ಅದೇ ತಿಂಗಳು 28ಕ್ಕೆ ಮತ್ತೆ ತಂದ. ಗೆದ್ದಿತು. ಹನ್ನೊಂದು ದಿನ! ನಮ್ಮ ಸಪ್ಲಿಮೆಂಟರಿ ಪರೀಕ್ಷೆಗೂ ಅದಕ್ಕಿಂತ ಜಾಸ್ತಿ ಟೈಮ್ ಕೊಡುತ್ತಿದ್ದರು. ಇನ್ನೊಂದು ತಮಾಷೆ ಅಂದರೆ ಶೆರಿಡನ್ನನ ಅಪ್ಪ ಜನರಿಗೆ ಸರಿಯಾದ ಉಚ್ಚಾರಣೆ ಕಲಿಸುತ್ತಾ ಭಾಷಣ ಮಾಡಿಕೊಂಡಿದ್ದವರು, ಆಮೇಲೆ ಇಂಗ್ಲಿಷ್ ನಿಘಂಟನ್ನೂ ಮಾಡಿದರು. ಅಂಥವರ ಮನೆಯಿಂದ ಇಂಥವಳು ಹುಟ್ಟಿ ಬಂದಳು.

ಆದರೆ ಪದ ತಪ್ಪುವುದರಲ್ಲಿ ಅವಳೇ ಮೊದಲಿಗಳಲ್ಲ. ಷೇಕ್ಸ್‌ಪಿಯರ್ ಬರೆದ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದಲ್ಲಿ ಡಾಗ್‌ಬೆರಿ ಅನ್ನುವ ಒಬ್ಬ ಪೊಲೀಸ್ ಪೇದೆಯಂಥವನು ಬರುತ್ತಾನೆ. ‘ಸಸ್ಪಿಷಿಯಸ್’ ವ್ಯಕ್ತಿಗಳನ್ನು ಹಿಡಿದು ತಂದು ‘ಆಸ್ಪಿಷಿಯಸ್’ ವ್ಯಕ್ತಿಗಳನ್ನು ತಂದಿದ್ದೇವೆ ಸ್ವಾಮಿ ಅನ್ನುತ್ತಾನೆ. ಕಳ್ಳರು ಹೋಗಿ ಮಂಗಳಕರ ಆಗಿಬಿಟ್ಟರು. ಕೈದಿಯೊಬ್ಬ ಇವನನ್ನು ಕತ್ತೆ ಅಂದಾಗ ಇವನಿಗೆ ಆಗುವ ದುಃಖ ಏನು ಗೊತ್ತಾ? ಬರೆದುಕೊಳ್ಳುವ ಗುಮಾಸ್ತ ಆಗಲೇ ಹೊರಟುಹೋಗಿದ್ದಾನೆ, ‘ನಾನು ಕತ್ತೆ’ ಅನ್ನುವುದು ದಾಖಲೆಗೆ ಸೇರಲಿಲ್ಲವಲ್ಲ ಅಂತ. ಎಲ್ಲರೂ ನೆನಪಿಟ್ಟುಕೊಳ್ಳಿ, ನಾನು ಕತ್ತೆ ಅಂತ ಕೂಗಿಕೊಂಡು ಹೋಗುತ್ತಾನೆ. ಆದರೆ ಆ ನಾಟಕದಲ್ಲಿ ರಾಜಕುಮಾರ, ಶ್ರೀಮಂತರು ಯಾರ ಕಣ್ಣಿಗೂ ಬೀಳದ ಮೋಸವನ್ನು ಹಿಡಿದಿದ್ದು ಈ ಡಾಗ್‌ಬೆರಿಯ ಕಾವಲುಗಾರರೇ. ನಿಮ್ಮ ಜಾಣತನಕ್ಕೆ ಸಿಗದೇ ಇದ್ದದ್ದನ್ನು ಈ ಪೆದ್ದರು ಬಯಲು ಮಾಡಿದರು ಅಂತ ಅಪರಾಧಿಯೇ ಒಪ್ಪಿಕೊಳ್ಳುತ್ತಾನೆ. 1600ರಲ್ಲಿ ಅಚ್ಚಾದ ಪ್ರತಿಯಲ್ಲಿ ಕೆಲವು ಕಡೆ ಡಾಗ್‌ಬೆರಿ ಅನ್ನುವ ಬದಲು ಕೆಂಪ್ ಅಂತ ನಟನ ಹೆಸರೇ ಉಳಿದುಬಿಟ್ಟಿದೆಯಂತೆ. ವಿಲ್ ಕೆಂಪ್ ಆ ಕಾಲದ ದೊಡ್ಡ ಹಾಸ್ಯನಟ. ಬರೆಯುವಾಗಲೇ ಷೇಕ್ಸ್‌ಪಿಯರ್ ಕಿವಿಯಲ್ಲಿ ಅವನ ದನಿ ಇತ್ತು ಅಂತ ಕಾಣುತ್ತದೆ.

ನನಗೆ ತೀರಾ ಹತ್ತಿರದ ಪಾತ್ರ ಅಂದರೆ ಟೋನಿ ಲಂಪ್ಕಿನ್. ಗೋಲ್ಡ್‌ಸ್ಮಿತ್ ಬರೆದ ‘ಶಿ ಸ್ಟೂಪ್ಸ್ ಟು ಕಾಂಕರ್’ 1773ರಲ್ಲಿ, ಅದೇ ಕೋವೆಂಟ್ ಗಾರ್ಡನ್‌ನಲ್ಲಿ ಆಡಿದ ನಾಟಕ. ಟೋನಿ ಅಮ್ಮನ ಮುದ್ದಿನಲ್ಲಿ ಹಾಳಾದ ಹಳ್ಳಿ ಹುಡುಗ. ಹೆಂಡದಂಗಡಿಯಲ್ಲಿ ಹಾಡು ಹೇಳೋಕೆ ಬರುತ್ತೆ, ದಾರಿ ಕೇಳಿದ ಪಟ್ಟಣದವರಿಗೆ ತನ್ನ ಮಲತಂದೆಯ ಮನೆಯನ್ನೇ ಲಾಡ್ಜು ಅಂತ ತೋರಿಸಿ ಮಜಾ ನೋಡೋಕೆ ಬರುತ್ತೆ. ಓದೋಕೆ ಬರಲ್ಲ. ಅವನಿಗೊಂದು ಕಾಗದ ಬರುತ್ತದೆ. ಹೊರಗಡೆ ತನ್ನ ಹೆಸರು ಇರುವಷ್ಟನ್ನು ಚೆನ್ನಾಗಿ ಓದುತ್ತಾನೆ. ಒಳಗೆ ಬಿಡಿಸಿದರೆ ಎಲ್ಲಾ ಬರೀ ‘ಬಝ್’ ಅನ್ನುತ್ತಾನೆ. ಬರೀ ಗುಂಯ್ ಅನ್ನುವ ಸದ್ದು. ಮೇಷ್ಟ್ರು ಈ ಸಾಲು ಓದಿದಾಗ ನನಗೆ ಮೈ ಜುಂ ಅಂದಿತು. ಲೈಬ್ರರಿಯಲ್ಲಿ ಇಂಗ್ಲಿಷ್ ಪೇಪರ್ ಹಿಡಿದು ಕೂತಾಗ ನನಗೂ ಅಷ್ಟೇ, ಹೆಡ್‌ಲೈನ್ ಗೊತ್ತಾಗುತ್ತಿತ್ತು, ಕೆಳಗೆ ಇಳಿದರೆ ಗುಂಯ್. ಇನ್ನೂರು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ಯಾರೋ ಇದನ್ನು ಬರೆದಿಟ್ಟಿದ್ದಾರೆ ಅಂತ ಅವತ್ತು ಗೊತ್ತಾಯಿತು.

ಕೊನೆಗೆ ಎಲೈಜಾ ಡೂಲಿಟ್ಲ್. ಬರ್ನಾರ್ಡ್ ಷಾ ಬರೆದ ‘ಪಿಗ್ಮೇಲಿಯನ್’ ನಾಟಕದ ಹೂ ಮಾರುವ ಹುಡುಗಿ. ಅವಳ ಲಂಡನ್ ಬೀದಿ ಭಾಷೆಯಲ್ಲಿ ‘ಹ’ಕಾರ ಬಿದ್ದುಹೋಗುತ್ತದೆ. ಹಾಲನ್ನು ಆಲು ಮಾಡಿಕೊಂಡ ಊರಿನವರು ನಾವು, ನಮಗೇನೂ ಕಷ್ಟವಾಗಲಿಲ್ಲ. ಷಾ ಅವಳ ಮಾತನ್ನು ಕೇಳಿಸುವ ಹಾಗೇ ಬರೆಯೋಕೆ ಹೊರಟು, ಕೆಲವೇ ಸಾಲಿಗೆ ಸುಸ್ತಾಗಿ, ಲಂಡನ್ ಹೊರಗಿನವರಿಗೆ ಇದು ಅರ್ಥವಾಗಲ್ಲ, ಕ್ಷಮಿಸಿ, ಇಲ್ಲಿಗೆ ಕೈಬಿಟ್ಟೆ ಅಂತ ನಾಟಕದೊಳಗೇ ಬರೆದುಬಿಟ್ಟಿದ್ದಾನೆ. ಪ್ರೊಫೆಸರ್ ಹಿಗಿನ್ಸ್ ಅವಳ ಉಚ್ಚಾರಣೆ ತಿದ್ದಿ ತನ್ನ ತಾಯಿಯ ಮನೆಗೆ ಕಳಿಸುತ್ತಾನೆ. ಉಚ್ಚಾರಣೆ ಮುತ್ತಿನಂತೆ, ಆದರೆ ಹೇಳುವ ವಿಷಯ ಚಿಕ್ಕಮ್ಮನನ್ನು ಯಾರೋ ಟೋಪಿಗೋಸ್ಕರ ಮುಗಿಸಿಬಿಟ್ಟರು ಅಂತ, ಅವಳಿಗೆ ಜಿನ್ ಅಂದರೆ ತಾಯಿ ಹಾಲಿದ್ದ ಹಾಗೆ ಅಂತ. ಹೋಗುವಾಗ ‘ನಾಟ್ ಬ್ಲಡಿ ಲೈಕ್ಲಿ’ ಅಂದು ಹೋಗುತ್ತಾಳೆ. 1914ರ ಏಪ್ರಿಲ್‌ನಲ್ಲಿ ಲಂಡನ್ನಿನ ಪ್ರೇಕ್ಷಕರು ಈ ಒಂದು ಪದಕ್ಕೇ ಬೆಚ್ಚಿಬಿದ್ದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೂ ಹುಡುಗಿಯಾಗಿ ನಟಿಸಿದ ಮಿಸೆಸ್ ಪ್ಯಾಟ್ರಿಕ್ ಕ್ಯಾಂಬೆಲ್‌ಗೆ ಆಗ 49 ವರ್ಷ.

ಆಸ್ಕರ್ ವೈಲ್ಡ್‌ನ ನಾಟಕದಲ್ಲಿ ಬರುವ ಲೇಡಿ ಬ್ರ್ಯಾಕ್‌ನೆಲ್ ಬಗ್ಗೆಯೂ ಮೇಷ್ಟ್ರು ಹೇಳಿದ್ದರು. ಆಕೆ ಪದ ತಪ್ಪುವವಳಲ್ಲ, ಅದಕ್ಕೇ ನನಗೆ ಅಷ್ಟು ಹತ್ತಿರ ಅನ್ನಿಸಲಿಲ್ಲ. ನೋಟ್‌ಬುಕ್ಕು, ಪೆನ್ಸಿಲ್ ಹಿಡಿದು ಭಾವಿ ಅಳಿಯನ ಆದಾಯ, ವಯಸ್ಸು ವಿಚಾರಿಸುವ ದೃಶ್ಯ ಓದುವಾಗ ಮಾತ್ರ ನಮ್ಮ ದೊಡ್ಡಮ್ಮನೇ ಎದುರಿಗೆ ಕೂತ ಹಾಗಿತ್ತು.

ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ನಾಲ್ಕು ಹೆಸರು ಬರೆದರು: ಗೋಲ್ಡ್‌ಸ್ಮಿತ್, ಶೆರಿಡನ್, ವೈಲ್ಡ್, ಷಾ. ‘ಇವರಲ್ಲಿ ಎಷ್ಟು ಜನ ಇಂಗ್ಲಿಷಿನವರು?’ ಅಂದರು. ನಾಲ್ಕೂ ಅಂದೆವು. ಒಬ್ಬರೂ ಇಲ್ಲವಂತೆ. ನಾಲ್ಕೂ ಜನ ಐರ್ಲೆಂಡಿನವರು, ಅದರಲ್ಲಿ ಮೂವರು ಹುಟ್ಟಿದ್ದು ಡಬ್ಲಿನ್‌ನಲ್ಲಿ. ಅಷ್ಟು ಹೇಳಿ ಡಸ್ಟರ್ ತೆಗೆದುಕೊಂಡು ಒರೆಸಿದರು.

ಆ ವರ್ಷದ ಕಾಲೇಜು ವಾರ್ಷಿಕೋತ್ಸವಕ್ಕೆ ‘ದಿ ರೈವಲ್ಸ್’ನ ಅದೇ ಕಾಗದದ ದೃಶ್ಯ ಮಾಡುವುದು ಅಂತಾಯಿತು. ಮ್ಯಾಲಪ್ರಾಪ್ ಪಾತ್ರಕ್ಕೆ ಹುಡುಗಿಯರು ಯಾರೂ ಒಪ್ಪಲಿಲ್ಲ, ಮುದುಕಿ ಪಾತ್ರ ಅಂತ. ಮೇಷ್ಟ್ರು ನನ್ನ ಕಡೆ ನೋಡಿದರು. ಅವರ ಮನೆಯ ರೇಷ್ಮೆ ಸೀರೆ ಬಂತು, ತಲೆಗೆ ಉಣ್ಣೆಯ ವಿಗ್ಗು, ಕೈಗೆ ಬೀಸಣಿಗೆ. ಲಿಡಿಯಾ ಎಷ್ಟು ಹಟಮಾರಿ ಅಂದರೆ ‘ನೈಲ್ ನದಿ ದಂಡೆಯ ಅಲಿಗೇಟರ್ ಇದ್ದ ಹಾಗೆ’ ಅನ್ನಬೇಕಾದಲ್ಲಿ ಅವಳು ‘ಅಲೆಗರಿ’, ಅಂದರೆ ರೂಪಕಕಥೆ ಅನ್ನುತ್ತಾಳೆ. ಆ ನಾಟಕದ ಅತಿ ದೊಡ್ಡ ಜೋಕು ಇದೇ. ಒಂದು ತಿಂಗಳು ಹಾಸ್ಟೆಲ್ ಬಚ್ಚಲುಮನೆಯಲ್ಲಿ ಅಲೆಗರಿ, ಅಲೆಗರಿ ಅಂತ ಜಪ ಮಾಡಿದೆ.

ವೇದಿಕೆ ಹತ್ತಿದೆ. ಪತ್ರದ ಭಾಗ ಚೆನ್ನಾಗೇ ಹೋಯಿತು. ಆ ಸಾಲು ಬಂತು. ಮೂರನೇ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಕೂತಿದ್ದ ಅಪ್ಪ ಕಣ್ಣಿಗೆ ಬಿದ್ದರು. ಬಾಯಿ ತೆರೆದೆ. ಸ್ಪಷ್ಟವಾಗಿ, ಗಟ್ಟಿಯಾಗಿ, ಉಚ್ಚಾರಣೆ ಸಮೇತ ‘ಅಲಿಗೇಟರ್’ ಅಂದುಬಿಟ್ಟೆ.

ಸಭೆ ಸುಮ್ನೆ ಕೂತಿತ್ತು. ತಪ್ಪೇ ಇಲ್ಲದ ಮೇಲೆ ನಗೋದು ಯಾಕೆ? ಮುಂದಿನ ಸಾಲಿನಲ್ಲಿ ಒಬ್ಬರೇ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು, ನಮ್ಮ ಮೇಷ್ಟ್ರು. ಆಮೇಲೆ ಗ್ರೀನ್‌ರೂಮಿಗೆ ಬಂದರು. ನಾನು ಸೀರೆ ಪಿನ್ನು ಬಿಚ್ಚಲಾಗದೆ ಅಳುವ ಹಾಗಿದ್ದೆ. ‘ಯೋಚನೆ ಮಾಡಬೇಡ ಕಣಯ್ಯ, ನೀನು ಹೇಳಿದ್ದೂ ತಪ್ಪೇ. ನೈಲ್ ನದಿಯಲ್ಲಿ ಅಲಿಗೇಟರ್ ಇಲ್ಲ, ಅಲ್ಲಿರೋದು ಕ್ರೊಕೊಡೈಲ್’ ಅಂದರು.

ರಾತ್ರಿ ಕೊನೆ ಬಸ್ಸಿನಲ್ಲಿ ಅಪ್ಪನ ಜೊತೆ ಊರಿಗೆ ಹೊರಟೆ. ನಿಮ್ಮ ಮೇಷ್ಟ್ರೊಬ್ಬರೇ ಯಾಕೆ ನಕ್ಕಿದ್ದು ಅಂತ ಕೇಳಿದರು. ಅಲೆಗರಿ, ಅಲಿಗೇಟರ್, ಕ್ರೊಕೊಡೈಲ್ ಎಲ್ಲಾ ಬಿಡಿಸಿ ಹೇಳುವಷ್ಟರಲ್ಲಿ ನಮ್ಮ ಸ್ಟಾಪು ಹತ್ತಿರ ಬಂದಿತ್ತು. ಅಪ್ಪ ಚೀಲ ಎತ್ತಿಕೊಳ್ಳುತ್ತಾ ಸ್ವಲ್ಪ ಯೋಚಿಸಿದರು.

‘ಎರಡಕ್ಕೂ ಮೊಸಳೆ ಅಂತಾನೇ ಅಲ್ವೇನೋ?’