ಯಾಕೆ ಅರಚ್ತೀರಾ ಅಂದರು

24 ಏಪ್ರಿಲ್ 2025, ಗುರುವಾರ
ತುಮಕೂರು

ಬೆಳಗ್ಗೆ ನೀರು ಬಿಡುವವರು ಬಂದಾಗ ನಮ್ಮ ಬೀದಿಯ ಹೆಂಗಸರೆಲ್ಲ ವಾಲ್ವ್ ಹತ್ತಿರ ಸೇರಿದ್ದೆವು. ಜಗಳವೇನೂ ಆಗಿರಲಿಲ್ಲ. ಎದುರುಮನೆ ಅಕ್ಕ ಸ್ವಲ್ಪ ಗಟ್ಟಿಯಾಗಿ ಕೇಳಿದರು, ಅಷ್ಟೇ. "ಹಿಂದಿನ ಬೀದಿಗೆ ಬಂತು, ನಮಗೆ ಯಾಕೆ ಬರಲಿಲ್ಲ? ಹಾಸಿಗೆ ಹಿಡಿದ ಅತ್ತೆ ಇದ್ದಾರೆ ಮನೇಲಿ. ಅವರ ಬಟ್ಟೆ ಒಗೆಯೋಕೆ ಎಲ್ಲಿಗೆ ಹೋಗಲಿ ನಾನು?" ಅಂತ. ನಾವೂ ಹೌದು ಹೌದು ಅಂತ ದನಿಗೂಡಿಸಿದೆವು. ಅಷ್ಟರಲ್ಲಿ ಮೂಲೆಮನೆ ಯಜಮಾನರು ಮಹಡಿಯಿಂದ ಬಗ್ಗಿ ನೋಡಿದರು. "ಬೆಳ್‌ಬೆಳಗ್ಗೆ ಕಾಗೆಗಳ ಹಾಗೆ ಯಾಕ್ರಮ್ಮಾ ಅರಚ್ತೀರಾ?" ಅಂದರು.

ಅಕ್ಕ ತಟ್ಟನೆ ಸುಮ್ಮನಾದರು. ಸೆರಗು ಸರಿ ಮಾಡಿಕೊಂಡು, ಖಾಲಿ ಬಿಂದಿಗೆ ಎತ್ತಿಕೊಂಡು ಒಳಗೆ ಹೋದರು. ನೀರಿನ ಮಾತು ಅಲ್ಲಿಗೇ ನಿಂತಿತು. ಆಮೇಲೆ ಅಲ್ಲಿ ಉಳಿದವರು ಮಾತಾಡಿದ್ದೆಲ್ಲ ಯಾರು ಎಷ್ಟು ಜೋರು ಮಾಡಿದರು, ಯಾರು ಹಾಗೆ ಮಾತಾಡಬಾರದಿತ್ತು ಅನ್ನೋದನ್ನೇ. ನೀರು ಬಿಡುವವರು ಸೈಕಲ್ ಹತ್ತಿ ಹೋದರು. ವಾಲ್ವ್ ಹಾಗೇ ಇತ್ತು.

ನನಗೆ ಸಂಕಟ ಆಗಿದ್ದು ಅದಕ್ಕೇ. ಮೂಲೆಮನೆಯಲ್ಲಿ ದೊಡ್ಡ ಸಂಪ್ ಇದೆ, ಸ್ವಂತ ಬೋರ್ ಇದೆ. ನಮ್ಮ ನಲ್ಲಿಗೆ ಬರಬೇಕಾದ ನೀರು ಗೊರೂರಿನಲ್ಲಿ ಹೊರಟು, ಹೇಮಾವತಿ ಕಾಲುವೆಯಲ್ಲಿ ಹರಿದು, ಬುಗುಡನಹಳ್ಳಿ ಕೆರೆ ಸೇರಿ, ಅಲ್ಲಿಂದ ಪೈಪಿಗೆ ಬೀಳಬೇಕು. ಬೇರೆ ಜಿಲ್ಲೆಯಿಂದ ಅಷ್ಟು ದೂರ ಬಂದ ನೀರು ನಮ್ಮ ಬೀದಿ ತುದಿಗೆ ಬಂದು ನಿಂತರೆ, ಯಾಕೆ ನಿಂತಿತು ಅಂತ ಕೇಳಬಾರದಾ? ಮೆಲ್ಲಗೆ ಕೇಳಿ ನೋಡಿದ್ದಾಗಿತ್ತು. ಅರ್ಜಿ ಬರೆದು ಕೊಟ್ಟಿದ್ದಾಗಿತ್ತು. ಮೆಲ್ಲಗೆ ಕೇಳಿದಾಗ ಯಾರಿಗೂ ಕೇಳಿಸಲಿಲ್ಲ. ಜೋರಾಗಿ ಕೇಳಿದ ದಿನ ಅದು ಅರಚಾಟ ಆಯಿತು.

ಪೇಪರಿನಲ್ಲಿ ಮುಖಂಡರು ಗುಡುಗುತ್ತಾರೆ. ಸಭೆಯಲ್ಲಿ ಸದಸ್ಯರು ಆಕ್ರೋಶ ವ್ಯಕ್ತಪಡಿಸುತ್ತಾರೆ. ಬಿಂದಿಗೆ ಹಿಡಿದ ಹೆಂಗಸು ಮಾತ್ರ ಅರಚುತ್ತಾಳೆ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಬಾಯಿಗೆ ಹಾಗೇ ಬಂದುಬಿಡುತ್ತೆ. ಅದೇ ನನಗೆ ಜಾಸ್ತಿ ನೋವು.

ಹಕ್ಕಿಗಳ ವಿಷಯದಲ್ಲೂ ಹೀಗೇ ಮಾಡಿದ್ದೇವೆ ಅಲ್ವಾ? ಈಗ ಮಾವಿನ ಕಾಲ. ಹಿಂದಿನ ಖಾಲಿ ಸೈಟಿನ ಹೊಂಗೆ ಮರದಲ್ಲಿ ಕೋಗಿಲೆ ಬೆಳಕು ಹರಿಯುವ ಮೊದಲೇ ಶುರು ಮಾಡುತ್ತೆ. ಹಾಡುವ ಹುಡುಗಿಯನ್ನು ಕೋಗಿಲೆ ಕಂಠ ಅಂತ ಹೊಗಳುತ್ತೇವೆ. ಆದರೆ ಆ ಕುಹೂ ಅನ್ನೋದು ಗಂಡು. ಕಪ್ಪು ಮೈ, ಕೆಂಪು ಕಣ್ಣು. ಹೆಣ್ಣು ಕೋಗಿಲೆ ಬೇರೆ ತರಹ, ಕಂದು ಮೈ ತುಂಬ ಬಿಳಿ ಚುಕ್ಕೆ. ಅದರ ದನಿ ಕಿಕ್ ಕಿಕ್ ಕಿಕ್ ಅಂತ ಚೂಪಾಗಿ, ಒರಟಾಗಿ ಇರುತ್ತೆ. ಎಷ್ಟೋ ಜನ ಅದನ್ನು ಕೇಳಿರುತ್ತಾರೆ, ಅದೂ ಕೋಗಿಲೆಯೇ ಅಂತ ಗೊತ್ತಿರೋದಿಲ್ಲ. ಮೊಟ್ಟೆ ಇಡೋದು ಕಾಗೆ ಗೂಡಿನಲ್ಲಿ. ಆ ಮರಿ ಹಾರುವ ತನಕ ಗುಟುಕು ಕೊಟ್ಟು ಸಾಕೋದು ಕಾಗೆ. ಆಮೇಲೆ ಆ ಗಂಡು ಮರಿ ಬೆಳೆದು ಹಾಡಿದರೆ ಹೊಗಳಿಕೆ ಕೋಗಿಲೆಗೆ.

ಮಧ್ಯಾಹ್ನ ಬಿಸಿಲು ವಿಪರೀತ. ಕರೆಂಟೂ ಇರಲಿಲ್ಲ. ಏನೂ ಕೆಲಸ ಆಗಲಿಲ್ಲ.

ಸಂಜೆ ಹಿತ್ತಲಲ್ಲಿ ಚಿಕ್ಕಮ್ಮನ ಜೊತೆ ಹುಣಸೆಹಣ್ಣು ಬಿಡಿಸುತ್ತಾ ಕೂತೆ. ಊರಿನಿಂದ ಬರುವಾಗ ಒಂದು ಚೀಲ ತಂದಿದ್ದಾಳೆ, ವರ್ಷಕ್ಕಾಗುವಷ್ಟು. ಬೇಡ ಅಂದರೂ ಕೇಳುವವಳಲ್ಲ. ಅವಳು ಬೀಜ ತೆಗೆಯೋದನ್ನು ನೋಡುತ್ತಾ ಕೂರಬಹುದು. ಮುಂದೆ ಒಂದು ಚಪ್ಪಟೆ ಕಲ್ಲು, ಕೈಯಲ್ಲಿ ಸಣ್ಣ ಸುತ್ತಿಗೆ. ಹಣ್ಣಿನ ಅಂಚಿಗೆ ಒಂದೇ ಏಟು. ಹಣ್ಣು ಬಾಯಿ ಬಿಡುತ್ತೆ, ಬೀಜ ಪಟಕ್ಕನೆ ಆಚೆ ಬರುತ್ತೆ. ಹೆಬ್ಬೆರಳಿನಲ್ಲಿ ನಾರು ಎಳೆದು ಪಕ್ಕಕ್ಕೆ ಹಾಕುತ್ತಾಳೆ. ಕಣ್ಣು ಕಲ್ಲಿನ ಮೇಲೆ ಇರೋದೇ ಇಲ್ಲ, ನನ್ನ ಮುಖದ ಮೇಲೆ ಇರುತ್ತೆ.

ಬೆಳಗಿನ ವಿಷಯ ಹೇಳಿದೆ. ಎರಡು ಸಲ ಹೇಳಬೇಕಾಯಿತು.

"ಕಾಗೆ ಅರಚಿದ್ರೆ ತಪ್ಪೇನೇ?" ಅಂದಳು. "ನಮ್ಮ ತೆಂಗಿನ ಮರದಲ್ಲಿ ಗೂಡು ಕಟ್ಟಿತ್ತಲ್ಲ, ಒಂದಿನ ಮರಿ ಕೆಳಕ್ಕೆ ಬಿತ್ತು. ಊರಿನ ಕಾಗೆಯೆಲ್ಲ ಬಂದ್ಬಿಟ್ವು. ಬಾಗಿಲಾಚೆ ಕಾಲಿಡೋಕೆ ಬಿಡಲಿಲ್ಲ. ನಿಮ್ಮ ಚಿಕ್ಕಪ್ಪ ತಲೆ ಮೇಲೆ ಮೊರ ಹಿಡ್ಕೊಂಡು ಹೋಗಿ, ಮರೀನ ಎತ್ತಿ ಬೇಲಿ ಮೇಲೆ ಕೂರಿಸಿದ್ರು. ಆಮೇಲೂ ಅರಚಿದ್ವು. ಅರಚಲಿ. ಅವುಗಳ ಮರಿ ಅಲ್ವಾ?"

ಚಿಕ್ಕಮ್ಮನ ಊರು ಶಿರಾ ತಾಲ್ಲೂಕಿನಲ್ಲಿ, ಕಗ್ಗಲಡು ಪಕ್ಕ. ಕಗ್ಗಲಡಿನ ಊರೊಳಗಿನ ಹುಣಸೆ ಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 1990ರ ದಶಕದಿಂದ ಬರುತ್ತಿವೆ. ವರ್ಷದ ಶುರುವಿನಲ್ಲಿ ಬಂದು, ಮೊಟ್ಟೆಯಿಟ್ಟು, ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಚಿಕ್ಕವಳಿದ್ದಾಗ ನಾನು ನೋಡಿದ ಆ ಊರಿನಲ್ಲಿ ಕೊಕ್ಕರೆ ಇರಲಿಲ್ಲ. ದೊಡ್ಡವಳಾದ ಮೇಲೆ ಹೋದಾಗ ಮರದ ನೆತ್ತಿಯೆಲ್ಲ ಬಿಳಿ, ಕಪ್ಪು. ಬಾಲದ ಹತ್ತಿರ ತಿಳಿ ಗುಲಾಬಿ ಗರಿ.

"ದೊಡ್ಡವಕ್ಕೆ ದನೀನೇ ಇಲ್ಲ ಕಣೇ," ಅಂದಳು ಚಿಕ್ಕಮ್ಮ. "ಕೊಕ್ಕು ಕಟಕಟ ಬಡೀತವೆ, ಅಷ್ಟೇ. ಊರಿಗೆಲ್ಲ ಕೇಳೋ ಹಾಗೆ ಅರಚೋದು ಮರಿಗಳು. ಹೊಟ್ಟೆಗೆ. ಕೆರೆಯಿಂದ ಮೀನು ನುಂಗ್ಕೊಂಡು ಬಂದು ಗೂಡಿಗೆ ಕಕ್ಕೋ ತನಕ ಬಾಯಿ ಮುಚ್ಚಲ್ಲ. ಬಾಯಿ ಮುಚ್ಕೊಂಡು ಕೂತ್ರೆ ಯಾರು ತಂದ್ಕೊಡ್ತಾರೆ?"

ಅವಳು ಹೇಳೋದು ನಿಜ. ಬಣ್ಣದ ಕೊಕ್ಕರೆ ದೊಡ್ಡದಾದ ಮೇಲೆ ಕೂಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈ ಏಪ್ರಿಲ್ ಬಿಸಿಲಿನಲ್ಲಿ ಮರಿಗಳಿಗೆ ಅಡ್ಡಲಾಗಿ ರೆಕ್ಕೆ ಬಿಚ್ಚಿ ನೆರಳು ಮಾಡಿಕೊಂಡು ನಿಂತಿರುತ್ತವೆ. ಆಗಲೂ ಸದ್ದಿಲ್ಲ. ಮರದ ಕೆಳಗೆ ನಿಂತರೆ ಹಿಕ್ಕೆಯ ವಾಸನೆ, ಕೊಳೆತ ಮೀನಿನ ವಾಸನೆ, ಜೊತೆಗೆ ಮರಿಗಳ ಕರ್ಕಶ ಕೂಗು. ಹೊಸಬರು ಮೂಗು ಮುಚ್ಚಿಕೊಂಡು ಹೊರಟುಬಿಡುತ್ತಾರೆ. ಊರಿನವರು ಅದರ ಕೆಳಗೇ ದನ ಕಟ್ಟಿಕೊಂಡು, ಮಕ್ಕಳನ್ನು ಸಾಕಿಕೊಂಡು ಇದ್ದಾರೆ. ಕೊಕ್ಕರೆ ನೋಡಲು ಬರುವವರು ಫೋಟೋ ತೆಗೆದು ಊರನ್ನು ಹೊಗಳುತ್ತಾರೆ. ಹೊಗಳಬೇಕಾದ್ದು ಅವರು ಆ ಕೂಗನ್ನು ಸಹಿಸಿದ್ದಕ್ಕೆ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ.

ಆಮೇಲೆ ಟಿಟ್ಟಿಭದ ವಿಷಯ ಬಂತು. ಚಿಕ್ಕಪ್ಪ ಕಡಲೆಕಾಯಿ ಹೊಲ ಉಳುವಾಗ ಅದು ತಲೆ ಮೇಲೆ ಸುತ್ತುತ್ತಾ ಟಿಟ್ಟಿಟ್ಟೀ ಟಿಟ್ಟಿಟ್ಟೀ ಅಂತ ಒಂದೇ ಸಮ ಕೂಗಿತಂತೆ. ಅದು ಗೂಡು ಅಂತ ಕಟ್ಟೋದೇ ಇಲ್ಲ, ಬಯಲಲ್ಲೇ ಮೊಟ್ಟೆ ಇಡುತ್ತೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ, ಕಲ್ಲುಗಳ ನಡುವೆ ಇದ್ದರೆ ಕಣ್ಣಿಗೆ ಬೀಳೋದಿಲ್ಲ. ಚಿಕ್ಕಪ್ಪ ನೇಗಿಲು ನಿಲ್ಲಿಸಿ ಹುಡುಕಿದರಂತೆ. ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖವಾಗಿ. ಅಷ್ಟು ಜಾಗ ಬಿಟ್ಟು ಸುತ್ತ ಉತ್ತರಂತೆ. "ಕೂಗದೇ ಇದ್ದಿದ್ರೆ ನೇಗಿಲು ಹೋಗ್ಬಿಡ್ತಿತ್ತು," ಅಂದಳು. ಅಷ್ಟೇ ಅಂದಳು.

ಚಿಕ್ಕಂದಿನಲ್ಲಿ ಇದೇ ಚಿಕ್ಕಮ್ಮ ಹೇಳುತ್ತಿದ್ದ ಟಿಟ್ಟಿಭದ ಕತೆ ನೆನಪಾಯಿತು. ಸಮುದ್ರ ಅದರ ಮೊಟ್ಟೆ ಎಳೆದುಕೊಂಡು ಹೋಗುತ್ತೆ. ಇಷ್ಟು ಸಣ್ಣ ಹಕ್ಕಿ ನನ್ನನ್ನು ಏನು ಮಾಡೀತು ಅಂತ ಅದರ ಧೈರ್ಯ. ಟಿಟ್ಟಿಭ ಬೇರೆ ಹಕ್ಕಿಗಳನ್ನೆಲ್ಲ ಸೇರಿಸುತ್ತೆ. ಅವೆಲ್ಲ ಗರುಡನ ಹತ್ತಿರ ಹೋಗಿ ಗೋಳಾಡುತ್ತವೆ, ಗರುಡ ವಿಷ್ಣುವಿನ ಹತ್ತಿರ ಹಟ ಹಿಡಿಯುತ್ತಾನೆ. ವಿಷ್ಣು ಬಾಣ ಎತ್ತಿದ ಮೇಲೆ ಸಮುದ್ರ ಮೊಟ್ಟೆ ತಂದು ಕೊಡುತ್ತೆ. ಆ ಕತೆಯಲ್ಲಿ ಯಾವ ದೇವರೂ ಹಕ್ಕಿಗಳಿಗೆ ಮೆಲ್ಲಗೆ ಮಾತಾಡಿ ಅನ್ನೋದಿಲ್ಲ. ಇದನ್ನು ಎದುರುಮನೆ ಅಕ್ಕನಿಗೆ ಹೇಳಬೇಕು. ಇವತ್ತು ಸಂಜೆ ಬಾಗಿಲು ತೆಗೆಯಲೇ ಇಲ್ಲ ಅವರು.

ಇಷ್ಟು ಮಾತಾಡುವಾಗ ಪಕ್ಕದ ದಾಸವಾಳದ ಗಿಡಕ್ಕೆ ಸೂರಕ್ಕಿ ಬಂದಿತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ, ಚಿಕ್ಕಮ್ಮನ ಬೆನ್ನ ಹಿಂದೆ. ಒಂದೇ ಸಮ ಚಿಂವ್ ಚಿಂವ್ ಅನ್ನುತ್ತಿತ್ತು. ಚಿಕ್ಕಮ್ಮ ಸುತ್ತಿಗೆ ಕೆಳಗಿಟ್ಟು ಕೇಳಿದಳು. "ಈ ಸಲ ನಿಮ್ಮ ಹಿತ್ತಲಿಗೆ ಸಣ್ಣ ಹಕ್ಕಿ ಯಾವ್ದೂ ಬಂದಿಲ್ಲ ಅಲ್ವೇನೇ? ಬರೀ ಕಾಗೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ವಯಸ್ಸಾದ ಹಾಗೆ ಕಿವಿಗೆ ಮೊದಲು ತಪ್ಪಿಹೋಗೋದು ಸಣ್ಣ, ಏರು ದನಿಗಳು. ಸೂರಕ್ಕಿ, ಗುಬ್ಬಿ, ಫೋನಿನ ಕಿಣಿಕಿಣಿ, ಮಕ್ಕಳ ಪಿಸುಮಾತು. ಕಾಗೆ ಕೂಗು ಇನ್ನೂ ಕೇಳಿಸುತ್ತೆ. ಕೇಳಿಸುತ್ತೆ ಅಂತ ಅವಳಿಗೆ ಕಾಗೆ ಮೇಲೆ ಪ್ರೀತಿಯೂ ಇರಬಹುದು.

ಗಿಡದ ಕಡೆ ಕೈ ತೋರಿಸಿದೆ. ತಿರುಗಿ ನೋಡಿದಳು. ಹಕ್ಕಿ ಕೊಕ್ಕು ತೆರೆದು ಮುಚ್ಚಿ ಮಾಡುತ್ತಿತ್ತು. ಅವಳು ಅದರ ಕೊಕ್ಕನ್ನೇ ನೋಡಿದಳು, ಸ್ವಲ್ಪ ಹೊತ್ತು. ಆಮೇಲೆ ಮತ್ತೆ ಸುತ್ತಿಗೆ ಹಿಡಿದಳು.

"ನಾನು ಜೋರಾಗಿ ಮಾತಾಡ್ತೀನೇನೇ?"

"ಯಾರು ಅಂದ್ರು?"

"ಮೊನ್ನೆ ಬೀಗರು ಬಂದಿದ್ರಲ್ಲ. ಊಟಕ್ಕೆ ಬಡಿಸ್ತಾ ಇದ್ದೆ. ಮೊಮ್ಮಗ ಎಲ್ಲರ ಮುಂದೆ, ಅಜ್ಜಿ ಅರಚಬೇಡ, ಕಿವಿ ನೋವುತ್ತೆ ಅಂದ. ಮಗು ಅಲ್ವಾ, ಮಗು ಅಂದ್ರೆ ಬೇಜಾರಿಲ್ಲ. ಯಾರೂ ಸುಮ್ನಿರು ಅನ್ನಲಿಲ್ಲ ಅವನಿಗೆ. ಅದಕ್ಕೇ ಈಗ ಮನೇಲಿ ಮಾತು ಕಡಿಮೆ ಮಾಡಿದೀನಿ."

ಇದನ್ನು ಕೂಡ ಅವಳು ಜೋರಾಗಿಯೇ ಹೇಳಿದಳು. ಪಕ್ಕದ ಮನೆ ಕಿಟಕಿ ತೆರೆದೇ ಇತ್ತು. ಕೇಳಿಸಿದರೆ ಕೇಳಿಸಲಿ ಅಂತ ಸುಮ್ಮನಿದ್ದೆ. "ನೀನು ನಮ್ಮ ಮನೇಲಿ ಎಷ್ಟು ಬೇಕಾದ್ರೂ ಜೋರಾಗಿ ಮಾತಾಡು ಚಿಕ್ಕಮ್ಮ," ಅಂದೆ. ಅವಳಿಗೆ ಕೇಳಿಸಲಿಲ್ಲ ಅಂತ ಕಾಣುತ್ತೆ. "ಏನಂದೆ?" ಅಂದಳು. ಇನ್ನೊಮ್ಮೆ, ನನ್ನ ದನಿ ಎಷ್ಟು ಏರುತ್ತೋ ಅಷ್ಟು ಏರಿಸಿ ಹೇಳಿದೆ. ನಕ್ಕುಬಿಟ್ಟಳು.

ರಾತ್ರಿ ಮುದ್ದೆ, ಹೊಸ ಹುಣಸೆಹಣ್ಣಿನ ಗೊಜ್ಜು. ಹೊಸ ಹಣ್ಣು ಇನ್ನೂ ಕಪ್ಪಾಗಿಲ್ಲ, ಗೊಜ್ಜಿನ ಬಣ್ಣವೇ ಬೇರೆ. ಚಿಕ್ಕಮ್ಮ ಎರಡನೇ ಮುದ್ದೆ ಹಾಕಿಸಿಕೊಂಡಳು. ನೀರು ಇನ್ನೂ ಬಂದಿಲ್ಲ. ಟ್ಯಾಂಕರ್‌ಗೆ ಹೇಳಿದ್ದೇವೆ, ಎದುರುಮನೆಗೂ ಸೇರಿಸಿ.

ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಮಷೀನು ಹಾಕಿಕೊಳ್ಳಲ್ಲ ಅಂತ ಈಗಲೇ ಹಟ, ಗುಂಯ್ ಅನ್ನುತ್ತಂತೆ, ಅವಳ ಓರಗಿತ್ತಿ ಹೇಳಿದ್ದು. ಹೇಗಾದರೂ ಒಪ್ಪಿಸಬಹುದು. ನಾಳೆ ಅವಳ ಮಗನಿಗೆ ಫೋನ್ ಮಾಡುತ್ತೇನೆ. ಅವನೂ ನನಗೆ ತಮ್ಮನೇ, ಹೇಳಿದರೆ ಕೇಳುತ್ತಾನೆ. ಮಷೀನಿನ ಮಾತು ಆಮೇಲೆ ತೆಗೆಯಬಹುದು. ಮೊದಲು ಆ ಊಟದ ದಿನದ ವಿಷಯ ಕೇಳಬೇಕು, ಕೋಪ ಮಾಡಿಕೊಳ್ಳದೆ. ಆದರೆ ಫೋನಿನಲ್ಲಿ ಮಾತಾಡುವಾಗ ಅವಳು ಪಕ್ಕದಲ್ಲೇ ಇರುತ್ತಾಳೆ, ಇಷ್ಟು ದಿನ ಯಾವುದು ಕೇಳಿಸಬೇಕಿತ್ತೋ ಅದು ಕೇಳಿಸದೆ, ಇದೊಂದು ಮಾತ್ರ ಕೇಳಿಸಿಬಿಟ್ಟರೆ