ಓಟು ಹಾಕಿದವರು ಅವರೇ, ಗೆದ್ದ ಚಿತ್ರ ಬೇರೆ ಹೇಗೆ?

ಆಸ್ಕರ್ ಮುಗಿದ ಮರುದಿನ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಒಂದು ಚಿತ್ರಕ್ಕೆ, ಅತ್ಯುತ್ತಮ ಚಿತ್ರ ಇನ್ನೊಂದು. ಓಟು ಹಾಕಿದವರು ಅವರೇ ತಾನೆ? ಒಳಗೇನೋ ನಡೆದಿರಬೇಕು!"

ಒಳಗೆ ನಡೆದಿರುವುದು ಎಣಿಕೆ, ಅಷ್ಟೇ. ನಿರ್ದೇಶಕ, ನಟ, ನಟಿ ವಿಭಾಗಗಳ ಕೊನೆಯ ಸುತ್ತು ನಮ್ಮ ವಿಧಾನಸಭೆ ಚುನಾವಣೆ ಇದ್ದಂತೆ: ಒಬ್ಬರಿಗೆ ಒಂದು ಓಟು, ಹೆಚ್ಚು ಬಿದ್ದವರು ಗೆದ್ದರು. ಅತ್ಯುತ್ತಮ ಚಿತ್ರದ್ದು ಮಾತ್ರ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ವರಸೆ. ಮತಪತ್ರದಲ್ಲಿ 1, 2, 3 ಎಂದು ಪ್ರಾಶಸ್ತ್ಯ ಗುರುತಿಸಬೇಕು. 2009ರ ಚಿತ್ರಗಳಿಗೆ ಪ್ರಶಸ್ತಿ ಕೊಡುವಾಗ ನಾಮನಿರ್ದೇಶನ ಐದರಿಂದ ಹತ್ತಕ್ಕೇರಿತು. ಹತ್ತು ಕಡೆ ಓಟು ಹಂಚಿಹೋದರೆ ಬೆರಳೆಣಿಕೆಯ ಜನರ ಚಿತ್ರವೂ ಗೆದ್ದುಬಿಡಬಹುದು. ಅದಕ್ಕೇ ಈ ಪದ್ಧತಿ.

ಕಣದಲ್ಲಿ ಕ, ಚ, ಟ ಎಂಬ ಮೂರೇ ಚಿತ್ರ, ನೂರು ಮತದಾರರು ಎಂದಿಟ್ಟುಕೊಳ್ಳಿ. ಮೊದಲ ಪ್ರಾಶಸ್ತ್ಯದಲ್ಲಿ ಕ 40, ಚ 35, ಟ 25. ಯಾರಿಗೂ ಅರ್ಧ ದಾಟಿಲ್ಲ, ಹಾಗಾಗಿ ಟ ಹೊರಗೆ. ಅದರ 25 ಮತಪತ್ರಗಳನ್ನು ಮತ್ತೆ ತೆಗೆದು ಎರಡನೇ ಪ್ರಾಶಸ್ತ್ಯ ಯಾರಿಗೆಂದು ನೋಡುತ್ತಾರೆ. 20 ಜನ ಚ ಎಂದಿದ್ದಾರೆ, ಐವರು ಕ. ಈಗ ಚ 55, ಕ 45. ಚ ಗೆದ್ದಿತು! ಇದೇ ನೂರು ಮಂದಿ ನಿರ್ದೇಶಕರ ವಿಭಾಗದಲ್ಲಿ ತಮ್ಮ ಮೊದಲ ಪ್ರಾಶಸ್ತ್ಯದ ಚಿತ್ರಕ್ಕೇ ಒಂದೊಂದು ಓಟು ಹಾಕಿದ್ದರೆ ಪ್ರಶಸ್ತಿ 40 ಓಟಿನ ಕ ಚಿತ್ರದವರದು.

2022ರಲ್ಲಿ 12 ನಾಮನಿರ್ದೇಶನ ಪಡೆದಿದ್ದ 'ದಿ ಪವರ್ ಆಫ್ ದಿ ಡಾಗ್'ಗೆ ದಕ್ಕಿದ್ದು ಜೇನ್ ಕ್ಯಾಂಪಿಯನ್ ಅವರ ನಿರ್ದೇಶನದ ಪ್ರಶಸ್ತಿಯೊಂದೇ. ಬರೀ ಮೂರು ನಾಮನಿರ್ದೇಶನದ 'ಕೋಡಾ' ಮೂರನ್ನೂ ಗೆದ್ದು, ಅತ್ಯುತ್ತಮ ಚಿತ್ರವೂ ಆಯಿತು. ಮೊದಲನೆಯದು ಮೆಚ್ಚಿದವರಿಗೆ ಬಲು ಮೆಚ್ಚು, ಒಗ್ಗದವರಿಗೆ ಒಣಒಣ. ಎರಡನೆಯದನ್ನು ಬೇಡ ಅನ್ನುವವರು ಕಡಿಮೆ. ಇಂಥ ಎಣಿಕೆಯಲ್ಲಿ ಬೇಡ ಅನ್ನಿಸಿಕೊಳ್ಳದಿರುವುದೇ ಬಂಡವಾಳ. ಆದರೂ ಇದು ನನ್ನ ಊಹೆಯೇ. ಯಾವ ಚಿತ್ರಕ್ಕೆ ಎಷ್ಟು ಓಟು ಬಿತ್ತೆಂದು ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿ ಹೊರಗೆ ಬಿಡುವುದಿಲ್ಲ. 2017ರಲ್ಲಿ ನಿರ್ದೇಶನದ ಪ್ರಶಸ್ತಿ ಪಡೆದ 'ಲಾ ಲಾ ಲ್ಯಾಂಡ್' ಮೊದಲ ಸುತ್ತಲ್ಲಿ ಅತ್ಯುತ್ತಮ ಚಿತ್ರವಾದ 'ಮೂನ್‌ಲೈಟ್'ಗಿಂತ ಮುಂದಿತ್ತು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೇಳುವವರ ಕೈಯಲ್ಲೂ ಆಧಾರವಿಲ್ಲ.

ಎಲ್ಲವನ್ನೂ ಪ್ರಾಶಸ್ತ್ಯದ ತಲೆಗೆ ಕಟ್ಟುವುದೂ ಸರಿಯಲ್ಲ. 1999ರಲ್ಲಿ ಒಬ್ಬರಿಗೊಂದೇ ಓಟಿನ ಪದ್ಧತಿ ಇದ್ದಾಗಲೂ ಸ್ಪೀಲ್‌ಬರ್ಗ್ ನಿರ್ದೇಶಕರಾಗಿ ಗೆದ್ದರು, ಚಿತ್ರದ ಪ್ರಶಸ್ತಿ 'ಷೇಕ್ಸ್‌ಪಿಯರ್ ಇನ್ ಲವ್' ಪಾಲಾಯಿತು. ಇಬ್ಬರಿಗೂ ಒಂದೊಂದಿರಲಿ ಎಂದು ಹಂಚುವವರು ಎಲ್ಲ ಕಡೆ ಇರುತ್ತಾರೆ. ಇನ್ನು, ಈ ಪದ್ಧತಿಯಲ್ಲಿ ಸಪ್ಪೆ ಚಿತ್ರಗಳೇ ಗೆಲ್ಲುತ್ತವೆ ಎಂಬ ಗೊಣಗನ್ನು ನಾನು ಒಪ್ಪುವುದಿಲ್ಲ. 'ಪ್ಯಾರಸೈಟ್' ಗೆದ್ದಿದ್ದೂ ಇದೇ ಎಣಿಕೆಯಲ್ಲಿ.

ನನಗೆ ಕಿರಿಕಿರಿ ಬೇರೆಯದು. ಹತ್ತಕ್ಕೆ ಹತ್ತೂ ನೋಡದೆ ಪ್ರಾಶಸ್ತ್ಯ ಬರೆದರೆ, ನೋಡದ ಚಿತ್ರ ತಾನಾಗಿ ತಳ ಸೇರುತ್ತದೆ. ಒಂದು ವಿಭಾಗದ ಚಿತ್ರಗಳನ್ನೆಲ್ಲ ನೋಡಿದವರಷ್ಟೇ ಅದರ ಕೊನೆಯ ಸುತ್ತಿನಲ್ಲಿ ಓಟು ಹಾಕಬೇಕೆಂಬ ನಿಯಮವನ್ನು ಅಕಾಡೆಮಿ ಘೋಷಿಸಿದ್ದು 2025ರಲ್ಲಿ. ಅಲ್ಲಿಯವರೆಗೆ ಅತ್ಯುತ್ತಮ ಚಿತ್ರಕ್ಕೆ ಆ ಕಟ್ಟುಪಾಡೇ ಇರಲಿಲ್ಲ.